ಹೊರಗಿನ ಪೆಟ್ಟಿಗೆಯ ತಣ್ಣನೆ ಗಾಳಿ

ಓಝೆಲ್ ಟಾರ್ವರ್ ರಿಪೇರಿಗೆ ಹೋದ ಮನೆಯಲ್ಲಿ ಮೊದಲು ಮುಂಬಾಗಿಲು ತಟ್ಟಿದವನಲ್ಲ. ವ್ಯಾನಿನಿಂದ ಇಳಿದವನೇ ಮನೆಯ ಪಕ್ಕಕ್ಕೆ ಹೋಗಿ, ಹೊರಗೆ ಗುಂಯ್ಗುಡುತ್ತಿರುವ ಹೀಟ್ ಪಂಪಿನ ಪೆಟ್ಟಿಗೆಯ ಮೇಲೆ ಅಂಗೈ ಹಿಡಿಯುತ್ತಿದ್ದ. ಮನೆಯವರ ಕುಶಲ, ಕಾಲುನೋವು, ಮೊಮ್ಮಕ್ಕಳ ಸುದ್ದಿ ಎಲ್ಲ ಆಮೇಲೆ. ಬೇಸಿಗೆಯಲ್ಲಿ ಆ ಪೆಟ್ಟಿಗೆಯ ಫ್ಯಾನಿನಿಂದ ಬಿಸಿಗಾಳಿ ಎದ್ದು ಬಂದರೆ ಅವನ ಮುಖದ ಗಂಟು ಸಡಿಲವಾಗುತ್ತಿತ್ತು. "ಒಳಗಿನ ಸೆಕೆ ಹೊರಗೆ ಬರ್ತಾ ಇದೆ. ಇನ್ನೇನಿದ್ರೂ ಚಿಲ್ಲರೆ ಕಾಯಿಲೆ" ಎನ್ನುತ್ತಿದ್ದ.

ಅವನು ನನ್ನ ದೊಡ್ಡಮ್ಮನ ಮಗ. ನನಗಿಂತ ಒಂದು ವರ್ಷಕ್ಕೆ ದೊಡ್ಡವನು, ಅದನ್ನು ನಾನು ಯಾವತ್ತೂ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ದಕ್ಷಿಣ ಜಾರ್ಜಿಯದ ನಮ್ಮ ಹೇಲ್‌ಬ್ರೂಕಿನಲ್ಲಿ ಅವನು ಮಿಶೀನು ರಿಪೇರಿ ಮಾಡುತ್ತಿದ್ದ, ನಾನು ಅವನ ಫೋನು ಎತ್ತುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಇದು. ಕರೆದವರ ಜೊತೆ ನಯವಾಗಿ ಮಾತಾಡಲು ಓಝೆಲ್‌ಗೆ ಬರುತ್ತಿರಲಿಲ್ಲ. ನನಗೂ ಅಷ್ಟೇನೂ ಬರುವುದಿಲ್ಲ, ಆದರೆ ನಾನು ಹೆಂಗಸಾದ್ದರಿಂದ ಜನ ಸಹಿಸಿಕೊಳ್ಳುತ್ತಾರೆ.

ಹೀಟ್ ಪಂಪಿನ ಗುಟ್ಟು ನನಗೆ ತಿಳಿದಿರುವುದು ಇಷ್ಟೇ. ಬೇಸಿಗೆಯಲ್ಲಿ ಅದು ಮನೆಯೊಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಚಳಿಗಾಲದಲ್ಲಿ ಅದೇ ಮಿಶೀನು ಹೊರಗೆ ಇರುವಷ್ಟು ಬಿಸಿಯನ್ನು ಬಾಚಿ ಒಳಕ್ಕೆ ತರುತ್ತದೆ. ಹೋಗಬೇಕೋ ಬರಬೇಕೋ ಎಂದು ದಾರಿ ತಿರುಗಿಸುವ ಒಂದು ಕವಾಟ ಅದರ ಹೊಟ್ಟೆಯಲ್ಲಿದೆ. ಆ ಕವಾಟಕ್ಕೆ ಸ್ವಂತ ಬುದ್ಧಿ ಇಲ್ಲ. ಎಷ್ಟು ತಂಪು, ಎಷ್ಟು ಬಿಸಿ ಬೇಕೆಂದು ನಾವು ಗುಂಡಿ ಒತ್ತುವ, ಗೋಡೆಯ ಮೇಲಿನ ಥರ್ಮೋಸ್ಟಾಟ್ ಡಬ್ಬಿ ಹೇಳಿದಂತೆ ಕೇಳುತ್ತದೆ.

ಓಝೆಲ್‌ನ ಸ್ವಂತ ಅಣ್ಣ ಬರೆಲ್. ನಮ್ಮ ಚರ್ಚಿನ ಡೀಕನ್, ಸಭೆಯ ಹಿರಿಯ. ಇಸ್ತ್ರಿ ಮುರಿಯದ ಅಂಗಿ, ಮೆತ್ತನೆಯ ಮಾತು. ಊರಿನಲ್ಲಿ ಯಾರಿಗೆ ಕಾಯಿಲೆಯಾದರೂ ಅವನ ಕೈಯಲ್ಲಿ ಊಟದ ತಟ್ಟೆ ಇರುತ್ತಿತ್ತು. ಅಣ್ಣತಮ್ಮಂದಿರಿಗೆ ಮಾತಿಲ್ಲದಂತಾಗಿದ್ದು ಚರ್ಚಿನ ಸಭಾಂಗಣಕ್ಕೆ ಹೊಸ ಮಿಶೀನು ಹಾಕಿಸುವಾಗ. ಆ ಕೆಲಸ ಓಝೆಲ್‌ಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಬರೆಲ್ ಎದ್ದು ನಿಂತು ದೂರದ ಪಟ್ಟಣದ ಕಂಪನಿಗೆ ಕೊಡೋಣ ಎಂದ. "ತಮ್ಮನಿಗೇ ಕೊಟ್ಕೊಂಡ ಅಂತ ನಾಳೆ ಜನ ಆಡ್ಕೋತಾರೆ" ಎಂದ. ಓಝೆಲ್ ಅವತ್ತು ಟೋಪಿ ತೆಗೆದುಕೊಂಡು ಹೊರಟವನು ಮತ್ತೆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಭಾನುವಾರಗಳಂದು ವ್ಯಾನಿನಲ್ಲಿ ಕೂತು ಬೇಯಿಸಿದ ಕಡಲೆಕಾಯಿ ತಿನ್ನುತ್ತ ಊರ ರೇಡಿಯೋದಲ್ಲಿ ಬರುವ ನಮ್ಮ ಪಾಸ್ಟರ್‌ರ ಪ್ರವಚನ ಕೇಳುತ್ತಿದ್ದ, ಅದೂ ಬೈದುಕೊಂಡು.

ಆ ವರ್ಷ ಏಪ್ರಿಲ್‌ನಲ್ಲಿ ಚರ್ಚಿನ ಗಂಡಸರ ದಿನ ಬಂತು. ಗಂಡಸರೆಲ್ಲ ಸೇರಿ ಸಭೆಗೆ ಏನಾದರೂ ಸೇವೆ ಮಾಡುವ ದಿನ. ಮೀನು ಕರಿದು ಮಾರಿದ ದುಡ್ಡಿನಲ್ಲಿ ಬರೆಲ್ ಹೊಸ ಥರ್ಮೋಸ್ಟಾಟುಗಳನ್ನು ತರಿಸಿ, ವಯಸ್ಸಾದವರ ಮನೆಮನೆಗೆ ಹೋಗಿ ತಾನೇ ಕೂರಿಸಿದ. ಬೆಳ್ಳಗೆ ಹೊಳೆಯುವ ಡಬ್ಬಿ, ಕನ್ನಡಕವಿಲ್ಲದೆ ಓದಬಹುದಾದ ದೊಡ್ಡ ಅಂಕಿ. ಆಗ ಸೆಕೆಯೂ ಇಲ್ಲ, ಚಳಿಯೂ ಇಲ್ಲ. ಗುಂಡಿ ಒತ್ತಿದರು, ಗಾಳಿ ಬಂತು, ಎಲ್ಲರೂ ಕೈ ಹಿಡಿದು ಪ್ರಾರ್ಥಿಸಿದರು, ಕೇಕು ತಿಂದು ಮುಂದಿನ ಮನೆಗೆ ಹೋದರು. ಏಣಿ ಹೊತ್ತ ಗಂಡಸರನ್ನು ಓಝೆಲ್ ರಸ್ತೆಯಲ್ಲಿ ನೋಡಿದ.

"ಹೋಗಿ ಒಂದ್ಸಲ ನೋಡ್ಬಾರ್ದಾ?" ಎಂದು ನಾನು ಕೇಳಿದೆ.

"ಕರೆದ್ರೆ ಹೋಗ್ತೀನಿ" ಎಂದ. ಕರೆಯಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಸೆಕೆ ಒಮ್ಮೆಲೇ ಬಂದು ಊರ ಮೇಲೆ ಕೂತಿತು. ಆಕಾಶ ನೀಲಿ ಬಿಟ್ಟು ಬಿಳಿಯಾಯಿತು. ಎರಡನೆಯ ದಿನ ಬೆಳಿಗ್ಗೆ, ನನ್ನ ಕಾರು ಗ್ಯಾರೇಜಿನಲ್ಲಿದ್ದುದರಿಂದ ನಾನು ಓಝೆಲ್‌ನ ವ್ಯಾನಿನಲ್ಲೇ ಕೂತು ಫೋನು ನೋಡಿಕೊಳ್ಳುತ್ತಿದ್ದೆ. ಮೊದಲು ಕರೆದವರು ಮಿಸ್ ಐಸಿಲೀನ್. ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತರಾದವರು, ಅರ್ಧ ಊರು ಅವರ ಕೈತುತ್ತು ತಿಂದು ಬೆಳೆದಿದೆ.

"ಗಾಳಿ ಬರುತ್ತೆ ಕಣೆ ವೀನಿ, ತಂಪಿಲ್ಲ. ಕಮ್ಮಿ ಮಾಡ್ದಷ್ಟೂ ಬೆಂದುಹೋಗ್ತಿದೀನಿ."

"ಫಿಲ್ಟರ್ ತೊಳ್ದಿದೀರಾ? ಹೊರಗಿನ ಪೆಟ್ಟಿಗೆ ತಿರುಗ್ತಿದ್ಯಾ?"

"ಎಲ್ಲಾ ತಿರುಗ್ತಿದೆ. ನನ್ನ ತಲೆನೂ ತಿರುಗ್ತಿದೆ. ಒಂದು ಮಾತು, ನಾನು ಫೋನ್ ಮಾಡಿದ್ದು ಚರ್ಚಲ್ಲಿ ಯಾರಿಗೂ ಹೇಳ್ಬೇಡ."

ಅವರು ಇಟ್ಟ ಹಿಂದೆಯೇ ಬ್ರದರ್ ಲೂಶಿಯಸ್ ಪೀಬಲ್ಸ್ ಕರೆದರು. ಅವರ ಹಿಂದೆ ಸಿಸ್ಟರ್ ಮೊಝೆಲ್. ನಮ್ಮ ಸಭೆಯಲ್ಲಿ ಹಿರಿಯರನ್ನು ಹೀಗೇ ಬ್ರದರ್, ಸಿಸ್ಟರ್ ಎನ್ನುವುದು. ಎಲ್ಲರದೂ ಒಂದೇ ದೂರು, ಎಲ್ಲರ ಬಾಲವೂ ಒಂದೇ: ಯಾರಿಗೂ ಹೇಳಬೇಡ. ಓಝೆಲ್ ಚರ್ಚು ಬಿಟ್ಟವನಲ್ಲವೇ, ಅವನನ್ನು ಕರೆಸಲು ಸಂಕೋಚವಿರಬೇಕು ಎಂದು ನಾನು ಅಂದುಕೊಂಡೆ.

ಮಿಸ್ ಐಸಿಲೀನರ ಮನೆ ತಲುಪಿ ಓಝೆಲ್ ಪಕ್ಕಕ್ಕೆ ಹೋದ. ಪೆಟ್ಟಿಗೆಯ ಮೇಲೆ ಅಂಗೈ ಹಿಡಿದವನು ಹಾಗೇ ನಿಂತ. ನನ್ನನ್ನೂ ಕರೆದ. "ಕೈ ಇಡು."

ಇಟ್ಟೆ. ಗಾಳಿ ತಣ್ಣಗಿತ್ತು. ಆ ಬಿಸಿಲಿನಲ್ಲಿ ಹಾಯೆನಿಸಿತು, ಮುಖ ಒಡ್ಡೋಣ ಎನಿಸಿತು.

"ಚೆನ್ನಾಗಿದ್ಯಲ್ಲಾ" ಎಂದೆ.

"ಏನ್ ಚೆನ್ನಾಗಿದೆ? ತಂಪು ಇಲ್ಲಿ ಬಂದ್ರೆ ಬಿಸಿ ಎಲ್ಲಿಗೆ ಹೋಗ್ತಿದೆ ಹೇಳು?" ಎಂದು ಮನೆಯ ಕಡೆ ನೋಡಿದ. ನಾನು ಕೈ ಹಿಂದಕ್ಕೆಳೆದುಕೊಂಡೆ.

ಕವಾಟ ಸಿಕ್ಕಿಕೊಂಡಿರಬಹುದೆಂದು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿದ. ಅಲುಗಲಿಲ್ಲ. ಅದಕ್ಕೆ ಹೋಗುವ ತಂತಿಗೆ ಮೀಟರು ಹಿಡಿದ. ಕರೆಂಟು ಇರಬಾರದ ಹೊತ್ತಿನಲ್ಲಿ ಇತ್ತು. ಕವಾಟ ಕೆಟ್ಟಿರಲಿಲ್ಲ, ಒಳಗಿನಿಂದ ಯಾರೋ ಅದಕ್ಕೆ ತಪ್ಪು ಅಪ್ಪಣೆ ಕೊಡುತ್ತಿದ್ದರು.

ಒಳಗೆ ಹೋದರೆ ಓವನ್ನಿನ ಬಾಗಿಲು ತೆರೆದಂತೆ ಮುಖಕ್ಕೆ ಹೊಡೆಯಿತು. ಮಿಸ್ ಐಸಿಲೀನ್ ತೆಳ್ಳನೆ ಗೌನಿನಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಗೋಡೆಯ ಹೊಸ ಡಬ್ಬಿಯನ್ನು ಅತಿ ಕಮ್ಮಿಗೆ ಇಳಿಸಿದ್ದರು.

"ಈ ಡಬ್ಬಿ ಯಾವಾಗ ಹಾಕಿದ್ದು ಅಮ್ಮಾ?" ಎಂದ ಓಝೆಲ್.

ಅವರು ಕಿಟಕಿಯ ಕಡೆ ತಿರುಗಿದರು. "ಅಂಕಿ ಎಷ್ಟು ಚೆನ್ನಾಗಿ ಕಾಣುತ್ತೆ ಅಲ್ವಾ?"

"ಯಾರು ಹಾಕಿದ್ದು?"

"ಒಳ್ಳೇ ಮನಸ್ಸಿರೋರು ಹಾಕಿದ್ದು."

ಅಷ್ಟೇ. ಕೊಟ್ಟ ಉಡುಗೊರೆಯ ಬಗ್ಗೆ ನಮ್ಮ ಸಭೆಯಲ್ಲಿ ಯಾರೂ ಕೊಂಕು ಆಡುವುದಿಲ್ಲ. ಬೇಯುತ್ತ ಕೂತರೂ ಆಡುವುದಿಲ್ಲ. ಅದಕ್ಕೇ ಫೋನು ಮಾಡಿದ ಒಬ್ಬರೂ ಹೊಸ ಡಬ್ಬಿಯ ಮಾತನ್ನೇ ಎತ್ತಿರಲಿಲ್ಲ.

ಓಝೆಲ್ ಡಬ್ಬಿ ಬಿಚ್ಚಿದ. ನಮ್ಮ ಊರಿನ ಹಳೆಯ ಮಿಶೀನುಗಳೆಲ್ಲ ಒಬ್ಬನೇ ವ್ಯಾಪಾರಿಯಿಂದ ಬಂದವು, ಒಂದೇ ಜಾತಿಯವು. ಬಿಸಿ ಬೇಕಾದಾಗ ಕವಾಟಕ್ಕೆ ಕರೆಂಟು ಕೇಳುವಂಥವು. ಹೊಸ ಡಬ್ಬಿಗಳು ಬರುವುದು ತಂಪು ಬೇಕಾದಾಗ ಕರೆಂಟು ಕೊಡುವಂತೆ. ಒಳಗೆ ಅದನ್ನು ತಿರುವಿ ಹಾಕಲು ಒಂದು ಆಯ್ಕೆ ಇದೆ, ತಿಳಿದವರಿಗೆ ಕ್ಷಣದ ಕೆಲಸ. ಬರೆಲ್‌ಗೆ ತಿಳಿದಿರಲಿಲ್ಲ. ಹಾಗಾಗಿ ತಂಪು ಕೊಡು ಎಂದರೆ ಮಿಶೀನು ಮನೆಯನ್ನು ಕಾಯಿಸುತ್ತಿತ್ತು, ಇನ್ನೂ ತಂಪು ಕೊಡು ಎಂದರೆ ಬಿಡದೆ ಕಾಯಿಸುತ್ತಿತ್ತು. ಓಝೆಲ್ ಅದನ್ನು ತಿರುವಿದ. ನಾನು ಹೊರಗೆ ಹೋಗಿ ಕೈ ಹಿಡಿದರೆ ಬಿಸಿಗಾಳಿ ಬರತೊಡಗಿತ್ತು.

"ಏನಾಗಿತ್ತಪ್ಪ?" ಎಂದರು ಮಿಸ್ ಐಸಿಲೀನ್.

"ಇರುವೆ ಸೇರ್ಕೊಂಡಿದ್ವು" ಎಂದ ಓಝೆಲ್. ಕೆಂಜಿಗಗಳು ಮಿಶೀನಿನೊಳಗೆ ಸೇರಿ ಸಾಯುವುದು ನಮ್ಮಲ್ಲಿ ಇದ್ದದ್ದೇ. ಆದರೆ ಅವತ್ತು ಅಲ್ಲಿ ಒಂದು ಇರುವೆಯೂ ಇರಲಿಲ್ಲ.

ವ್ಯಾನಿನ ಬಾಗಿಲು ಹಾಕಿದ ಕೂಡಲೇ ನಾನು ಹಿಡಿದುಕೊಂಡೆ. "ಯಾವ ಇರುವೆ? ಪಾಸ್ಟರ್‌ಗೆ ಫೋನ್ ಮಾಡ್ತೀನಿ. ಎಲ್ಲಾ ಮನೆಗೂ ಹೇಳಿಸ್ಲಿ, ಮಿಶೀನ್ ಆಫ್ ಮಾಡಿ ಅಂತ. ರೇಡಿಯೋದಲ್ಲೂ ಹೇಳಿಸ್ಲಿ."

"ಬೇಡ."

"ಬೇಡ ಅಂದ್ರೆ?"

"ರೇಡಿಯೋದಲ್ಲಿ ಏನಂತ ಹೇಳಿಸ್ತೀಯ? ಡೀಕನ್ ಬರೆಲ್ ಹಾಕಿದ ಡಬ್ಬಿ ಜನರನ್ನ ಬೇಯಿಸ್ತಿದೆ ಅಂತಾನಾ? ಆಮೇಲೆ ಅವನು ಸಭೇಲಿ ಮುಖ ಎತ್ಕೊಂಡು ಕೂರೋದು ಹೆಂಗೆ?"

"ನೀನು ಅವನ ಮುಖದ ಮಾತಾಡ್ತೀಯ! ಅವನು ನಿನ್ನ ಮುಖಕ್ಕೆ ಹೊಡ್ದಂಗೆ ಕೆಲಸ ಬೇರೆಯೋರಿಗೆ ಕೊಟ್ಟಾಗ?"

"ಅದು ಅವಂದು. ಇದು ನಂದು" ಎಂದು ಗಾಡಿ ಶುರು ಮಾಡಿದ. "ಊರೇನು ದೊಡ್ಡದಾ? ಸಾಯಂಕಾಲದೊಳಗೆ ಸದ್ದಿಲ್ದೆ ಮುಗಿಸ್ತೀನಿ. ಯಾರ್ಯಾರ ಮನೇಲಿ ಹಾಕಿದಾರೆ, ನೆನಪು ಮಾಡ್ಕೊ."

ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಅವನ ಮೇಲೆ ಹೆಮ್ಮೆಯಾಯಿತು. ಅಣ್ಣನ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ. ಅವನು ಅದನ್ನು ಕೈಯಾರೆ ಬಿಟ್ಟುಕೊಟ್ಟ.

ನಮ್ಮ ಚರ್ಚಿನಲ್ಲಿ ಯಾರ ಬೆಂಚು ಯಾರದೆಂದು ಬರೆದಿಟ್ಟಿಲ್ಲ, ಆದರೆ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತರೆ ಭೂಕಂಪವಾಗುತ್ತದೆ. ನಾನು ವ್ಯಾನಿನಲ್ಲಿ ಕಣ್ಣು ಮುಚ್ಚಿ, ಪಾಸ್ಟರ್ ನಿಲ್ಲುವ ಜಾಗದಿಂದ ಹಿಂದಕ್ಕೆ ಬೆಂಚು ಬೆಂಚಾಗಿ ವಯಸ್ಸಾದವರನ್ನು ನೆನೆದುಕೊಂಡೆ. ಒಬ್ಬೊಬ್ಬರಿಗೂ ಫೋನು ಮಾಡಿದೆ. "ಮಿಶೀನ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೀರಿ, ಓಝೆಲ್ ಬರ್ತಾನೆ. ಏನಿಲ್ಲ, ಈ ವರ್ಷ ಇರುವೆ ಕಾಟ" ಎಂದೆ. ನನ್ನ ಬಾಯಿಂದಲೂ ಅದೇ ಬಂತು.

ಮನೆಯಿಂದ ಮನೆಗೆ ಓಡಿದೆವು. ಪ್ರತಿ ಮನೆಯ ಪಕ್ಕದಲ್ಲೂ ಅದೇ ತಣ್ಣನೆ ಗಾಳಿ. ಆಮೇಲಾಮೇಲೆ ಅದು ಕೈಗೆ ತಾಕಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಬ್ರದರ್ ಲೂಶಿಯಸ್ ಅಡುಗೆಮನೆಯ ನೆಲದ ಮೇಲೆ ಒದ್ದೆ ಟವೆಲು ಹೊದ್ದು ಬಿದ್ದಿದ್ದರು. ಎಬ್ಬಿಸಿದರೆ ನನ್ನನ್ನು ತಮ್ಮ ಸತ್ತ ಹೆಂಡತಿಯೆಂದು ತಿಳಿದು ಮಾತಾಡಿಸಿದರು. ಅಕ್ಕಪಕ್ಕದವರನ್ನು ಕರೆದು ಅವರನ್ನು ಆಸ್ಪತ್ರೆಗೆ ಕಳಿಸಿದೆವು.

"ಈಗ್ಲಾದ್ರೂ ಪಾಸ್ಟರ್‌ಗೆ ಹೇಳೋಣ" ಎಂದೆ.

"ಇನ್ನು ನಾಕೈದು ಮನೆ ಅಷ್ಟೆ" ಎಂದ ಓಝೆಲ್. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೊನೆಯ ಬೆಂಚಿನವರ ಮನೆಯೂ ಮುಗಿಯಿತು. ಓಝೆಲ್ ಪೆಟ್ರೋಲ್ ಬಂಕಿನ ನೆರಳಿಗೆ ಗಾಡಿ ನಿಲ್ಲಿಸಿ, ಇಬ್ಬರಿಗೂ ಐಸು ಹಾಕಿದ ಸಿಹಿ ಟೀ ತಂದ. ಒಂದೇ ಗುಟುಕಿಗೆ ಅರ್ಧ ಕುಡಿದ. "ಮುಗೀತು ಮಾರಾಯ್ತಿ. ಯಾರಿಗೂ ಗೊತ್ತಾಗ್ಲಿಲ್ಲ" ಎಂದು ನಕ್ಕ. ಆ ದಿನ ಅವನು ನಕ್ಕಿದ್ದು ಅದೊಂದೇ ಸಲ.

ನನಗೆ ಸಮಾಧಾನವಿರಲಿಲ್ಲ. ಮತ್ತೆ ಕಣ್ಣು ಮುಚ್ಚಿ ಬೆಂಚುಗಳನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತ ಬಂದೆ. ಯಾರೂ ಬಿಟ್ಟುಹೋಗಿರಲಿಲ್ಲ. ಪಾಸ್ಟರ್ ನಿಲ್ಲುವ ಜಾಗದ ತನಕ ಬಂದೆ. ಅಲ್ಲಿ ಪಕ್ಕದಲ್ಲಿ, ಸಭೆಗೆ ಮುಖ ಮಾಡಿ, ಒಂದು ಉದ್ದನೆಯ ಬೆಂಚಿದೆ. ಡೀಕನ್‌ಗಳು ನಮ್ಮ ಜೊತೆ ಕೂರುವುದಿಲ್ಲ, ಅಲ್ಲಿ ಕೂರುತ್ತಾರೆ.

"ಓಝೆಲ್, ಬರೆಲ್ ಮೊದಲ್ನೇ ಡಬ್ಬೀನ ಎಲ್ಲಿ ಹಾಕಿ ನೋಡಿದ್ದು?"

ಅವನು ಗ್ಲಾಸು ಕೆಳಗಿಟ್ಟ.

ನಾನು ಬರೆಲ್‌ಗೆ ಫೋನು ಮಾಡಿದೆ. ಹೊಡೆದುಕೊಂಡಿತು, ಎತ್ತಲಿಲ್ಲ. "ಮತ್ತೆ ಮಾಡು, ನನ್ನ ನಂಬರಂದ್ರೆ ಎತ್ತಲ್ಲ, ನಿನ್ನದ್ರಿಂದ ಮಾಡು" ಎಂದ ಓಝೆಲ್, ಗಾಡಿಯನ್ನು ರಸ್ತೆಗೆ ನುಗ್ಗಿಸುತ್ತ.

"ನಂದ್ರಿಂದಾನೇ ಮಾಡ್ತಿದೀನಿ ಕಣೋ!"

ಹೆಂಡತಿ ಹೋದ ಮೇಲೆ ಬರೆಲ್ ಒಬ್ಬನೇ ಇದ್ದ. ರಕ್ತದೊತ್ತಡಕ್ಕೆ ಮೈಯ ನೀರು ಇಳಿಸುವ ಮಾತ್ರೆ ತಿನ್ನುತ್ತಿದ್ದ. ಆ ಮನೆಯ ಕಿಟಕಿಗಳನ್ನು ಬಣ್ಣ ಹೊಡೆಯುವಾಗ ಚೌಕಟ್ಟಿಗೆ ಅಂಟಿಸಿಬಿಟ್ಟಿದ್ದರು, ಒಂದೂ ತೆರೆಯುತ್ತಿರಲಿಲ್ಲ. ಇದೆಲ್ಲ ನಮ್ಮಿಬ್ಬರಿಗೂ ಗೊತ್ತಿದ್ದ ಸಂಗತಿ. ದಾರಿಯುದ್ದಕ್ಕೂ ನಾನು ಅವನ ನಂಬರನ್ನೇ ಒತ್ತುತ್ತ ಹೋದೆ.

ಪಕ್ಕದ ಮನೆಯ ಕಾಯ್ ನೆಟಲ್ಸ್ ನೆರಳಿನಲ್ಲಿ ಕೂತು ಅವರೆ ಬಿಡಿಸುತ್ತಿದ್ದ. ನಮ್ಮನ್ನು ನೋಡಿ ಕೈ ಎತ್ತಿದ. "ಏನ್ರಪ್ಪಾ ಇಷ್ಟು ಅವಸರ?"

"ಬರೆಲ್‌ನ ನೋಡಿದ್ಯಾ?" ಎಂದು ಓಝೆಲ್ ಗಾಡಿಯಿಂದಲೇ ಕೂಗಿದ.

"ಡೀಕನ್ ಒಳಗೆ ಹಾಯಾಗಿದಾರೆ ಬಿಡು. ನಿನ್ನೆಯಿಂದ ಮಿಶೀನು ಓಡ್ತಾನೇ ಇದೆ, ಅದಕ್ಕೇ ನಾನೂ ಬಾಗ್ಲು ತಟ್ಟೋಕೆ ಹೋಗ್ಲಿಲ್ಲ. ನಮ್ಮ ನಾಯಿ ನೋಡು, ಬೆಳಿಗ್ಗೆಯಿಂದ ಅಲ್ಲೇ ಬಿದ್ಕೊಂಡಿದೆ. ಎಂಥಾ ತಣ್ಣನೆ ಗಾಳಿ ಅಂತೀಯ!"

ಸೆಕೆಗಾಲದಲ್ಲಿ ನಮ್ಮ ಊರಿನವರು ಹಾಗೆಯೇ. ಪಕ್ಕದ ಮನೆಯ ಮಿಶೀನು ಸದ್ದು ಮಾಡುತ್ತಿದ್ದರೆ ಒಳಗಿರುವವರು ಕ್ಷೇಮವೆಂದು ತಿಳಿದು, ನಿದ್ದೆ ಕೆಡಿಸಬಾರದೆಂದು ಬಾಗಿಲು ತಟ್ಟುವುದಿಲ್ಲ. ಮನೆಯ ಪಕ್ಕದಲ್ಲಿ ಹಳದಿ ನಾಯಿ ಪೆಟ್ಟಿಗೆಗೆ ಮೈ ಒತ್ತಿಕೊಂಡು ನಿದ್ದೆ ಹೋಗಿತ್ತು. ಓಝೆಲ್ ಆ ಕಡೆ ಹೋಗಲೇ ಇಲ್ಲ. ನೇರ ಮುಂಬಾಗಿಲಿಗೆ ಓಡಿ, ಗುದ್ದಿ, ಗಾಜು ಒಡೆದು ಕೈ ಹಾಕಿ ಚಿಲಕ ತೆಗೆದ.

ಒಳಗಿನ ಗಾಳಿಯನ್ನು ಎಳೆದುಕೊಂಡರೆ ಗಂಟಲು ಸುಡುತ್ತಿತ್ತು. ಮೇಜಿನ ಮೇಲೆ ನಿಲ್ಲಿಸಿದ್ದ ಮೇಣದ ಬತ್ತಿಗಳು ಬಾಗಿ ಮಲಗಿದ್ದವು. ಬರೆಲ್ ಹಜಾರದಲ್ಲಿ, ಥರ್ಮೋಸ್ಟಾಟಿನ ಕೆಳಗೆ, ಗೋಡೆಗೆ ಒರಗಿ ಕೂತಿದ್ದ. ಡಬ್ಬಿಯ ಮುಚ್ಚಳ ಬಿಚ್ಚಿತ್ತು. ಸ್ಕ್ರೂಡ್ರೈವರ್ ತೊಡೆಯ ಮೇಲಿತ್ತು. ಅಂಗಿಯ ಗುಂಡಿ ಕತ್ತಿನ ತನಕ ಹಾಕಿತ್ತು, ಮೈ ಸುಡುತ್ತಿತ್ತು, ಬೆವರೆಲ್ಲ ಬತ್ತಿ ಒಂದು ಹನಿಯೂ ಉಳಿದಿರಲಿಲ್ಲ.

ಓಝೆಲ್ ಅವನನ್ನು ಮಗುವನ್ನು ಎತ್ತುವಂತೆ ಎತ್ತಿ ಹೊರಗೆ ನೆರಳಿಗೆ ತಂದ. ನಾನು ಆಂಬುಲೆನ್ಸಿಗೆ ಫೋನು ಮಾಡಿದೆ. ಕಾಯ್ ಅಳುತ್ತ ತನ್ನ ಫ್ರೀಜರಿನ ಐಸನ್ನೆಲ್ಲ ತಂದು ಸುರಿದ. ಪೈಪಿನಿಂದ ನೀರು ಬಿಟ್ಟೆವು. ತುಂಬ ಹೊತ್ತಾದ ಮೇಲೆ ಬರೆಲ್ ಕಣ್ಣು ತೆರೆದ. ತಮ್ಮನನ್ನು ಗುರುತು ಹಿಡಿದ.

"ಮಿಸ್ ಐಸಿಲೀನ್ ಮನೆ..." ಎಂದ.

"ತಣ್ಣಗಿದೆ. ಎಲ್ಲಾ ಮನೆ ತಣ್ಣಗಿದೆ. ನಾನು ಹೋಗಿದ್ದೆ."

"ತಂತಿ ನೋಡೋಣ ಅಂತ ಬಿಚ್ಚಿದೆ. ಕೈ ಕೇಳ್ಲಿಲ್ಲ." ಅವನ ನಾಲಿಗೆ ತೊದಲುತ್ತಿತ್ತು. "ನಿನ್ನ ನಂಬರು ತೆಗ್ದೆ ಕಣೋ. ನಾಚ್ಕೆ ಆಯ್ತು. ಇಟ್ಬಿಟ್ಟೆ."

"ನೀನು ಸರಿಯಾಗೇ ಹಾಕಿದ್ದೆ. ಇರುವೆ ಸೇರ್ಕೊಂಡಿದ್ವು."

ಬರೆಲ್ ಅವನನ್ನೇ ನೋಡಿದ. "ಎಲ್ಲಾ ಮನೇಲೂನಾ?"

"ಎಲ್ಲಾ ಮನೇಲೂ" ಎಂದ ಓಝೆಲ್.

ಬರೆಲ್ ತಮ್ಮನ ಕೈ ಹಿಡಿದುಕೊಂಡ. ಆಸ್ಪತ್ರೆ ತಲುಪುವಷ್ಟರಲ್ಲಿ ಎಚ್ಚರ ತಪ್ಪಿತ್ತು. ಮರುದಿನ ಬೆಳಿಗ್ಗೆ ತೀರಿಕೊಂಡ.

ನನಗೆ ಓಝೆಲ್ ಮೇಲೆ ಸಿಟ್ಟು ಬಂದಿತ್ತು, ಇವತ್ತಿಗೂ ಇದೆ. ಪಾಸ್ಟರ್‌ಗೆ ಬೆಳಿಗ್ಗೆಯೇ ಒಂದು ಫೋನು ಹೋಗಿದ್ದರೆ, ಡೀಕನ್ ಆಗಿದ್ದ ಬರೆಲ್‌ಗೆ ಎಲ್ಲರಿಗಿಂತ ಮೊದಲು ಸುದ್ದಿ ಮುಟ್ಟುತ್ತಿತ್ತು. ನಾಚಿಕೆಯಿಂದ ತಲೆ ತಗ್ಗಿಸಿಕೊಂಡಾದರೂ ಅಂಗಳದಲ್ಲಿ ಬಂದು ನಿಲ್ಲುತ್ತಿದ್ದ, ಬದುಕುತ್ತಿದ್ದ. ಊರಿನ ಮುದುಕ ಮುದುಕಿಯರನ್ನೆಲ್ಲ ಉಳಿಸಿದವನು ಅಣ್ಣನ ಮರ್ಯಾದೆ ಕಾಯಲು ಹೋಗಿ ಅಣ್ಣನನ್ನು ಕಳೆದುಕೊಂಡ. ಇದನ್ನು ಯಾರಾದರೂ ನನ್ನ ಬಾಯಿಂದ ಕೇಳಲಿ ಎಂದು ಕಾದೆ. ಯಾರೂ ಕೇಳಲಿಲ್ಲ.

ಅಂತ್ಯಕ್ರಿಯೆಯ ದಿನ ಚರ್ಚು ತುಂಬಿ ಹೊರಗೂ ಜನ ನಿಂತಿದ್ದರು. ಓಝೆಲ್ ಬಂದು ನನ್ನ ಪಕ್ಕ ಕೂತ. ತೀರಿಕೊಂಡವರ ಬಗ್ಗೆ ನಾಲ್ಕು ಮಾತಾಡುವ ಹೊತ್ತು ಬಂತು. ಮಿಸ್ ಐಸಿಲೀನ್ ಎದ್ದು, "ಡೀಕನ್ ಬರೆಲ್ ತಮ್ಮ ಕೈಯಾರೆ ಹಾಕಿಕೊಟ್ಟ ಡಬ್ಬಿ ನನ್ನ ಮನೇನ ಇವತ್ತಿಗೂ ತಂಪಾಗಿಟ್ಟಿದೆ" ಎಂದರು. ಸಭೆ ಆಮೆನ್ ಎಂದಿತು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದ ಬ್ರದರ್ ಲೂಶಿಯಸ್ ಕೋಲೂರಿ ಎದ್ದು ಅದನ್ನೇ ಹೇಳಿದರು. ಸಭೆ ಮತ್ತೆ ಆಮೆನ್ ಎಂದಿತು.

ಆಗ ಓಝೆಲ್ ಎದ್ದ.

"ಡಬ್ಬಿ ತಪ್ಪಾಗಿತ್ತು" ಎಂದ. ಬೀಸಣಿಗೆಗಳು ನಿಂತವು. "ನಿಮಗೆಲ್ಲಾ ಗೊತ್ತು. ಮಿಸ್ ಐಸಿಲೀನ್ ಮನೇಲೇ ನನಗೂ ಗೊತ್ತಾಯ್ತು, ಬೆಳಿಗ್ಗೇನೇ. ಅಣ್ಣನ ಮರ್ಯಾದೆ ಉಳೀಲಿ ಅಂತ ಬಾಯಿ ಮುಚ್ಕೊಂಡೆ. ಅವನಿಗೆ ಒಂದು ಮಾತು ಹೇಳಿದ್ರೆ..."

ಅವನ ಮಾತು ಮುಗಿಯುವ ಮೊದಲೇ ಮಿಸ್ ಐಸಿಲೀನ್ ಕೂತಲ್ಲಿಂದಲೇ ಒಂದು ಹಳೆಯ ಕೀರ್ತನೆ ಎತ್ತಿಕೊಂಡರು. ಮೆತ್ತಗೆ, ಪ್ರೀತಿಯಿಂದ, ಅವನು ಬೀಳುವ ಮುಂಚೆ ಹಿಡಿದುಕೊಳ್ಳುವಂತೆ. ಪಕ್ಕದ ಬೆಂಚು ದನಿಗೂಡಿಸಿತು, ಆಮೇಲೆ ಅದರ ಹಿಂದಿನದು, ಆಮೇಲೆ ಎಲ್ಲರೂ. ಓಝೆಲ್ ಇನ್ನೂ ಹೇಳುತ್ತಲೇ ಇದ್ದ. ತುಟಿ ಅಲುಗುವುದು ನನಗೆ ಕಾಣುತ್ತಿತ್ತು, ಪಕ್ಕದಲ್ಲಿದ್ದ ನನಗೂ ಒಂದು ಮಾತು ಕೇಳಲಿಲ್ಲ. ನಾನು ಎದ್ದು ಅವನ ತೋಳು ಹಿಡಿದು ನಿಂತೆ, ಹಾಡಲಿಲ್ಲ. ಹಾಡು ಮುಗಿಯುವ ತನಕ ಯಾರೂ ಅವನ ಕಡೆ ತಿರುಗಿ ನೋಡಲಿಲ್ಲ.